ಇ-ರೀಡರ್ ಈಗ ತಗೊಳ್ಳೋದಾ, ಕಾಯೋದಾ? ಶಹಾಬಾದ್‌ನಿಂದ ಚಿಂಚೋಳಿಯವರೆಗೆ ಒಂದು ಯೋಚನೆ

ಹೋದ ಬೇಸಿಗೆಯಲ್ಲಿ ಒಂದು ಇ-ಬುಕ್ ರೀಡರ್ ನನ್ನ ಫೋನಿನ ಕಾರ್ಟ್‌ನಲ್ಲಿ ಹನ್ನೊಂದು ದಿನ ಕೂತಿತ್ತು. ರಾತ್ರಿ ಮಲಗುವ ಮುಂಚೆ ತೆರೆದು ನೋಡೋದು, ಬೆಲೆ ಇಳಿದಿದೆಯಾ ಅಂತ ಪರೀಕ್ಷಿಸೋದು, ಮುಚ್ಚೋದು. 7 ಇಂಚಿನ ಹೊಸ ಪೇಪರ್‌ವೈಟ್ 2025ರ ಏಪ್ರಿಲ್‌ನಲ್ಲಿ ಭಾರತಕ್ಕೆ ಬಂದಾಗ ಅದರ ಬೆಲೆ 16,999 ರೂಪಾಯಿ. ಬಣ್ಣದ ಪರದೆಯದು ಅಮೆರಿಕದಲ್ಲಿ ಅದಕ್ಕೂ ಮೊದಲೇ, 2024ರ ಅಕ್ಟೋಬರ್‌ನಲ್ಲೇ ಬಂದಿತ್ತು. ಹಬ್ಬದ ಸೇಲ್‌ವರೆಗೆ ಕಾಯಲಾ, ಬಣ್ಣದ್ದು ಅಗ್ಗ ಆಗೋವರೆಗೆ ಕಾಯಲಾ, ಈಗಲೇ ತಗೊಂಡುಬಿಡಲಾ? ನಿಮ್ಮ ಕಾರ್ಟ್‌ನಲ್ಲೂ ಇಂಥದ್ದೊಂದು ಕೂತಿರಬಹುದು. ಅದಕ್ಕೇ ಇದನ್ನು ಬರೀತಿದ್ದೀನಿ.

ನನ್ನದು ಬ್ಯಾಂಕ್ ಶಾಖೆಗಳ ಲೆಕ್ಕ ತಪಾಸಣೆ ಕೆಲಸ. ಮನೆ ಶಹಾಬಾದ್‌ನಲ್ಲಿ. ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಅಂತ ವಾರಕ್ಕೆ ಮೂರ್ನಾಲ್ಕು ದಿನ ತಿರುಗಾಟ. ರೈಲು, ಬಸ್ಸು, ಕಾಯುವಿಕೆ. ಓದೋದಕ್ಕೆ ಇಷ್ಟು ಸಮಯ ಬೆಂಗಳೂರಿನ ಗೆಳೆಯರಿಗೂ ಸಿಗಲ್ಲ.

ಮನೆಯಲ್ಲಿ ಅಪ್ಪ ಇದ್ದಾರೆ. ಫರ್ಸಿ ಕಲ್ಲಿನ ಡಿಪೋದಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ನಿಮ್ಮ ಅಜ್ಜಿ ಮನೆಯ ಪಡಸಾಲೆಗೆ ಹಾಸಿದ್ದ ತಣ್ಣನೆಯ ಬೂದುಬಣ್ಣದ ಶಹಾಬಾದ್ ಕಲ್ಲು ಇದೆಯಲ್ಲ, ಅದರ ಲೆಕ್ಕ. ಸಂಜೆ ಲೈಬ್ರರಿಯಿಂದ ಕಾದಂಬರಿ ತಂದು ಅದೇ ಕಲ್ಲಿನ ನೆಲದ ಮೇಲೆ ಬೋರಲು ಮಲಗಿ ಓದುತ್ತಿದ್ದರು. ಈಗ ಎರಡು ವರ್ಷದಿಂದ ಓದು ನಿಂತಿದೆ. ಕಣ್ಣಿನ ಹಿಂಭಾಗದ ಪರದೆಯ ತೊಂದರೆ, ಕನ್ನಡಕದ ನಂಬರ್ ಏರಿಸಿ ಪ್ರಯೋಜನ ಇಲ್ಲ, ಅಕ್ಷರ ದೊಡ್ಡದಾದರೆ ಓದಬಹುದು ಅಂದರು ಡಾಕ್ಟರು. ಫೋನಿನಲ್ಲಿ ದೊಡ್ಡದು ಮಾಡಿಕೊಟ್ಟೆ. ಹತ್ತು ನಿಮಿಷಕ್ಕೆ, "ಬೆಳಕು ಕಣ್ಣಾಗ ಚುಚ್ಚತದ, ತಗೊಂಡು ಹೋಗು" ಅಂದರು.

ಹಾಗಿದ್ದೂ ಕಾರ್ಟ್‌ನಲ್ಲಿದ್ದ ಯಂತ್ರ ನನಗಾಗಿಯೇ ಇತ್ತು. ಅಪ್ಪನ ವಿಷಯ ತಲೆಗೆ ಬಂದದ್ದು ಆಮೇಲೆ.

ಸೊಲ್ಲಾಪುರದ ಸಹೋದ್ಯೋಗಿಯೊಬ್ಬ ತನ್ನ 6 ಇಂಚಿನ ಕಿಂಡಲ್ ಎರಡು ವಾರಕ್ಕೆ ಕೊಟ್ಟ. "ಮೊದಲು ಇದರಲ್ಲಿ ಓದಿ ನೋಡು, ಆಮೇಲೆ ದುಡ್ಡು ಸುರಿ" ಅಂದ. ಇದು ಒಳ್ಳೆಯ ಸಲಹೆ, ನಿಮಗೂ ಇದನ್ನೇ ಹೇಳ್ತೀನಿ.

ಮೊದಲ ಪರೀಕ್ಷೆ ವಾಡಿ ಜಂಕ್ಷನ್‌ನಲ್ಲಿ. ಮುಂಬೈ ಕಡೆಯಿಂದ ಬಂದ ಲೈನಿನಿಂದ ಸಿಕಂದರಾಬಾದ್ ಲೈನು ಕವಲೊಡೆಯೋದು ಇಲ್ಲೇ. ನಿಜಾಮರ ದುಡ್ಡಿನಲ್ಲಿ 1874ರಲ್ಲಿ ಆದ ಲೈನು ಅದು. ಸಿಮೆಂಟ್ ಧೂಳು, ಮಧ್ಯಾಹ್ನದ 42 ಡಿಗ್ರಿ ಬಿಸಿಲು. ಫೋನಿನ ಪರದೆ ಕನ್ನಡಿ ಆಗಿಹೋಗುತ್ತೆ, ನಮ್ಮ ಮುಖ ಬಿಟ್ಟರೆ ಬೇರೇನೂ ಕಾಣಲ್ಲ. ಆದರೆ ಈ ಯಂತ್ರದಲ್ಲಿ ಬಿಸಿಲು ಹೆಚ್ಚಿದಷ್ಟೂ ಅಕ್ಷರ ಸ್ಪಷ್ಟ. ಕಾರಣ ಸರಳ. ಇ-ಇಂಕ್ ಪರದೆಯೊಳಗೆ ಕೂದಲೆಳೆಯಷ್ಟು ಸಣ್ಣ ಗುಳಿಗೆಗಳಿರುತ್ತವೆ, ಅವುಗಳಲ್ಲಿ ಕಪ್ಪು ಮತ್ತು ಬಿಳಿ ಕಣಗಳು. ವಿದ್ಯುತ್ ಕೊಟ್ಟಾಗ ಬೇಕಾದ ಬಣ್ಣದ ಕಣ ಮೇಲೆ ಬಂದು ನಿಲ್ಲುತ್ತೆ. ನಿಂತ ಮೇಲೆ ಕರೆಂಟೇ ಬೇಡ, ಪುಟ ತಿರುಗಿಸಿದಾಗ ಮಾತ್ರ ಬೇಕು. ಅದಕ್ಕೇ ಚಾರ್ಜ್ ವಾರಗಟ್ಟಲೆ ಬರೋದು. ಕಾಗದದ ಹಾಗೆ ಹೊರಗಿನ ಬೆಳಕಿನಲ್ಲೇ ಓದಬಹುದು, ಕಣ್ಣಿಗೆ ಬೆಳಕು ಎರಚುವುದಿಲ್ಲ.

'ಬೆಳಕು ಚುಚ್ಚತದ' ಅಂದಿದ್ದ ಅಪ್ಪ ನೆನಪಾದದ್ದು ಆಗ, ವಾಡಿಯ ಕಲ್ಲುಬೆಂಚಿನ ಮೇಲೆ. ಇದು ನನಗಿಂತ ಅವರಿಗೇ ಬೇಕಾದದ್ದು ಅನ್ನಿಸಿತು. ರೈಲು ಬರೋ ಮುಂಚೆಯೇ ಕನ್ನಡ ಹುಡುಕಲು ಕೂತೆ.

ಸಹೋದ್ಯೋಗಿಯ ಯಂತ್ರದ ತುಂಬಾ ಮರಾಠಿ ಪುಸ್ತಕಗಳಿದ್ದವು, ಎಲ್ಲ ಕೊಂಡವು. 2016ರ ಡಿಸೆಂಬರ್‌ನಲ್ಲಿ ಅಮೆಜಾನ್ ಕಿಂಡಲ್‌ಗೆ ಭಾರತೀಯ ಭಾಷೆಯ ಪುಸ್ತಕಗಳನ್ನು ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು. ಕನ್ನಡ ಆ ಐದರಲ್ಲಿ ಇರಲಿಲ್ಲ. ಸರಿ, ಹಳೆಯ ಕನ್ನಡ ಪುಸ್ತಕವೊಂದರ ಸ್ಕ್ಯಾನ್ ಮಾಡಿದ ಪಿಡಿಎಫ್ ಹಾಕಿದೆ. ತೆರೀತು. ಆದರೆ ಅದು ಪುಟದ ಫೋಟೋ ಅಷ್ಟೇ. ದೊಡ್ಡದು ಮಾಡಿದರೆ ಸಾಲು ಪರದೆಯಾಚೆ ಹೋಗುತ್ತೆ, ಎಡಕ್ಕೆ ಎಳಿ, ಬಲಕ್ಕೆ ಎಳಿ. ಭಾನುವಾರ ಅಪ್ಪನ ಕೈಗೆ ಕೊಟ್ಟಾಗ ಒಂದೇ ನಿಮಿಷ ನೋಡಿದರು. "ಇರುವಿ ಸಾಲು ಹೊಂಟಂಗ ಅದ" ಅಂದು ವಾಪಸ್ ಕೊಟ್ಟರು.

ಮರುವಾರ ಚಿತ್ತಾಪುರ. ಕೆಲಸ ಬೇಗ ಮುಗೀತು ಅಂತ ಪಕ್ಕದ ನಾಗಾವಿಗೆ ಹೋದೆ. ಯಲ್ಲಮ್ಮನ ಗುಡಿಗೆ ಬರುವವರು ಬಹಳ, ಅಲ್ಲೇ ಇರುವ ಅರವತ್ತು ಕಂಬದ ಗುಡಿಗೆ ಕಡಿಮೆ. ಚಾಲುಕ್ಯರ ಕಾಲದಲ್ಲಿ ಇಲ್ಲೊಂದು ದೊಡ್ಡ ಘಟಿಕಾಸ್ಥಾನ ಇತ್ತು, ಇವತ್ತಿನ ಭಾಷೆಯಲ್ಲಿ ರೆಸಿಡೆನ್ಶಿಯಲ್ ಕಾಲೇಜು. 1058ರ ಶಾಸನದಲ್ಲಿ ಲೆಕ್ಕವಿದೆ. ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ 50 ವಿದ್ಯಾರ್ಥಿಗಳು, ಪಾಠ ಹೇಳುವವರು, ಅವರ ಜೊತೆಗೆ ಆರು ಜನ ಸರಸ್ವತಿ ಭಂಡಾರಿಗರು. ಅಂದರೆ ಗ್ರಂಥಪಾಲಕರು. 250 ಜನರಿಗೆ ಆರು ಮಂದಿ! ಲೆಕ್ಕ ತಪಾಸಣೆಯವನಾದ ನನಗೆ ಆ ಅನುಪಾತ ತಲೆಯಲ್ಲೇ ಉಳೀತು. ತಾಳೆಗರಿಗೆ ಹುಳ ಹಿಡಿಯದಂತೆ ಕಾಯಬೇಕು, ಹಳತಾದರೆ ಹೊಸ ಗರಿಗೆ ನಕಲು ಮಾಡಿಸಬೇಕು, ಕೇಳಿದವರಿಗೆ ತೆಗೆದುಕೊಡಬೇಕು. ಗರಿ ಇದ್ದರೆ ಪುಸ್ತಕ ಇದ್ದಂತಲ್ಲ.

ಚಿತ್ತಾಪುರದಿಂದ ಸೇಡಂಗೆ ಹೋಗುವ ದಾರಿಯಲ್ಲಿ ಮಳಖೇಡ. ಕಾಗಿಣಾ ನದಿ, ದಂಡೆಯ ಮೇಲೆ ಕೋಟೆ, ಸುತ್ತ ತೊಗರಿ ಹೊಲ, ದೂರದಲ್ಲಿ ಕಾರ್ಖಾನೆಯ ಚಿಮಣಿ. ರಾಷ್ಟ್ರಕೂಟರ ಮಾನ್ಯಖೇಟ ಇದೇ. ನಮಗೆ ಸಿಕ್ಕಿರುವ ಮೊದಲ ಕನ್ನಡ ಗ್ರಂಥ 'ಕವಿರಾಜಮಾರ್ಗ' 850ರ ಸುಮಾರಿಗೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ್ದು. ಅದನ್ನು ಕೆ.ಬಿ. ಪಾಠಕರು ಸಂಪಾದಿಸಿ ಅಚ್ಚು ಹಾಕಿಸಿದ್ದು 1898ರಲ್ಲಿ. ನಡುವಿನ ಸಾವಿರ ವರ್ಷ ಅದು ಉಳಿದದ್ದು ಯಾರೋ ಹೆಸರಿಲ್ಲದವರು ಗರಿಯಿಂದ ಗರಿಗೆ ನಕಲು ಮಾಡುತ್ತಾ ಬಂದದ್ದರಿಂದ. ಅಂಥ ಊರಿನ ಬಸ್ ನಿಲ್ದಾಣದಲ್ಲಿ ಕೂತು ನಾನು ಸಾವಿರಾರು ಪುಸ್ತಕ ಹಿಡಿಯುವ ಯಂತ್ರದಲ್ಲಿ ಅಪ್ಪನಿಗೆ ಒಂದು ಕನ್ನಡ ಪುಸ್ತಕ ಹುಡುಕುತ್ತಿದ್ದೆ. ನಗು ಬಂತು, ಸ್ವಲ್ಪ ಸಿಟ್ಟೂ ಬಂತು.

ಸಿಟ್ಟು ಯಾರ ಮೇಲೆ ಅನ್ನೋದು ಸೇಡಂನಲ್ಲಿ ಗೊಂದಲವಾಯ್ತು. ಅಲ್ಲಿ ಗೆಳೆಯನೊಬ್ಬ ಡಿಟಿಪಿ ಅಂಗಡಿ ಇಟ್ಟಿದ್ದಾನೆ. ಮದುವೆ ಕಾರ್ಡು, ಕರಪತ್ರ, ವರ್ಷಕ್ಕೆ ನಾಲ್ಕೈದು ಕವನ ಸಂಕಲನ. ಅವನು ಒಂದು ಹಳೆಯ ಪುಸ್ತಕದ ಫೈಲ್ ತೆಗೆದು ಒಂದು ಪ್ಯಾರಾ ಕಾಪಿ ಮಾಡಿ ನನ್ನ ಫೋನಿಗೆ ಕಳಿಸಿದ. ಬಂದದ್ದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. "ನೋಡು, ಯುನಿಕೋಡ್‌ನಾಗ ಕನ್ನಡ 1991ರಿಂದಲೇ ಅದ. ಆದ್ರ ನಾವು ವರ್ಷಾನುಗಟ್ಲೆ ಹಳೇ ಫಾಂಟಿನಾಗ ಟೈಪ್ ಮಾಡಿದ್ವಿ. ಅದು ಕಾಗದಕ್ಕ ಚಂದ, ಯಂತ್ರಕ್ಕ ಅರ್ಥ ಆಗಂಗಿಲ್ಲ. ಹಳೇ ಪುಸ್ತಕ ಇ-ಬುಕ್ ಆಗಬೇಕಂದ್ರ ಯಾರರೆ ಕುಂತು ಬದಲಾಯಿಸಿ, ಮತ್ತ ತಿದ್ದಬೇಕು." ಒಬ್ಬರು ಕೂತು ಮಾಡಬೇಕಾದ ಕೆಲಸ. ನಾಗಾವಿಯ ಆ ಆರು ಜನ ಮತ್ತೆ ನೆನಪಾದರು.

ಸೇಡಂನಿಂದ ಚಿಂಚೋಳಿಗೆ ರೈಲಿಲ್ಲ, ಬಸ್ಸು. ಹೋಗ್ತಾ ಹೋಗ್ತಾ ಕಲ್ಲುಗಣಿ ಹಿಂದೆ ಬಿದ್ದು ಕಾಡು ಶುರುವಾಗುತ್ತೆ. 2011ರಲ್ಲಿ ವನ್ಯಜೀವಿಧಾಮ ಅಂತ ಘೋಷಣೆ ಆದ ಕಾಡು ಇದು. ಉಪನ್ಯಾಸಕ ಗೆಳೆಯನೊಬ್ಬ ನನ್ನನ್ನು ಚಂದ್ರಂಪಳ್ಳಿ ಜಲಾಶಯಕ್ಕೆ ಕರೆದೊಯ್ದ. ಅವನ ಹತ್ತಿರ ಬೇರೆ ಜಾತಿಯ ಯಂತ್ರ ಇತ್ತು. ಪರದೆ ಅದೇ ಇ-ಇಂಕ್, ಆದರೆ ಒಳಗೆ ಆಂಡ್ರಾಯ್ಡ್. ಹಾಗಾಗಿ ಫೋನಿನ ಆ್ಯಪ್‌ಗಳನ್ನೇ ಅದರಲ್ಲಿ ಹಾಕಬಹುದು. ಮೈಲ್ಯಾಂಗ್, ಗೂಗಲ್ ಪ್ಲೇ ಬುಕ್ಸ್‌ನಂಥ ಆ್ಯಪ್‌ಗಳಲ್ಲಿ ಕನ್ನಡ ಪುಸ್ತಕ ಸಿಗುತ್ತವೆ. ವಚನ ಸಂಚಯ ಜಾಲತಾಣದಲ್ಲಿ 20 ಸಾವಿರಕ್ಕೂ ಹೆಚ್ಚು ವಚನ ಯುನಿಕೋಡ್‌ನಲ್ಲೇ ಇವೆ. ಅವನು ಅಲ್ಲಿಂದ ತೆಗೆದಿಟ್ಟುಕೊಂಡಿದ್ದ ಬಸವಣ್ಣನ ವಚನಗಳ ಫೈಲ್ ತೆರೆದು, ಅಕ್ಷರ ದೊಡ್ಡದು ಮಾಡು ಅಂದ. ಮಾಡಿದೆ. ಸಾಲು ಪರದೆಯೊಳಗೇ ಮುರಿದು ಕೂತಿತು, ಒತ್ತಕ್ಷರ ಸರಿಯಾಗಿತ್ತು. ಇನ್ನೂ ದೊಡ್ಡದು ಮಾಡಿದೆ. ಪರದೆಗೆ ಐದೇ ಸಾಲು. ಹಿನ್ನೀರಿನ ದಂಡೆಯಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ, ಬಿಸಿಲಂತೂ ಸುಡುತ್ತಿತ್ತು. ಆ ಐದು ಸಾಲು ಮಾತ್ರ ಹಾರೆಯಲ್ಲಿ ಕೆತ್ತಿದ ಹಾಗೆ ಕಾಣುತ್ತಿದ್ದವು.

"ಒಂದು ವಾರಕ್ಕ ಕೊಡ್ತೀಯಾ?" ಅಂದೆ. "ಅಪ್ಪಗಾ? ಒಯ್ಯಿ" ಅಂದ.

ಹೀಗೆ ಎರಡು ವಾರ ತಿರುಗಿದ ಮೇಲೆ ನನಗೆ ತಿಳಿದದ್ದು ಇಷ್ಟು. ಯಂತ್ರದ ಬೆಲೆ, ಮಾಡೆಲ್ ನೋಡಿ ಈಗಲೋ ಆಮೇಲೋ ಅಂತ ಲೆಕ್ಕ ಹಾಕಿದರೆ ಆ ಲೆಕ್ಕ ಎಂದೂ ಮುಗಿಯಲ್ಲ, ಪ್ರತಿ ವರ್ಷ ಹೊಸದೊಂದು ಬರುತ್ತೆ. ಮುಂದಿನ ಆರು ತಿಂಗಳಲ್ಲಿ ಓದಬೇಕು ಅಂದುಕೊಂಡ ಐದು ಪುಸ್ತಕ ಒಂದು ಚೀಟಿಯಲ್ಲಿ ಬರೆಯಿರಿ. ಅವು ಎಲ್ಲಿ, ಯಾವ ರೂಪದಲ್ಲಿ ಸಿಗುತ್ತವೆ ನೋಡಿ. ಎಲ್ಲ ಇಂಗ್ಲಿಷ್ ಆಗಿದ್ದು, ದಿನಾ ಓದುವ ಅಭ್ಯಾಸ ಇದ್ದರೆ ಯಾವ ರೀಡರ್ ಆದರೂ ಆದೀತು, ಕಾಯಬೇಡಿ. ಸ್ಕ್ಯಾನ್ ಪಿಡಿಎಫ್‌ಗಳೇ ಆಗಿದ್ದರೆ 6 ಇಂಚು ಸಾಲದು, ದೊಡ್ಡ ಪರದೆಗೆ ದುಡ್ಡು ಕೂಡಿಡಿ. ಕನ್ನಡದ ಆ್ಯಪ್‌ಗಳಲ್ಲಿದ್ದರೆ ಆಂಡ್ರಾಯ್ಡ್ ಇರುವ ಯಂತ್ರ ನೋಡಿ. ಬೆಲೆ ಹೆಚ್ಚು, ಚಾರ್ಜ್ ಬೇಗ ಇಳಿಯುತ್ತೆ, ಅದು ಗೊತ್ತಿರಲಿ. ಕಾಗದದಲ್ಲಿ ಮಾತ್ರ ಸಿಗುವುದಾದರೆ ಆ ದುಡ್ಡಿಗೆ ಪುಸ್ತಕವನ್ನೇ ಕೊಳ್ಳಿ. ಏನೇ ಇರಲಿ, ಒತ್ತಕ್ಷರ ತುಂಬಿದ ಒಂದು ಕನ್ನಡ ಪುಟ ತೆರೆದು ನೋಡದೆ ದುಡ್ಡು ಕೊಡಬೇಡಿ.

ನನ್ನ ಚೀಟಿಯಲ್ಲಿ ಬರೆಯಲು ನೆನಪಾದದ್ದು ಎರಡೇ ಪುಸ್ತಕ, ಎರಡೂ ಮನೆಯ ಕಪಾಟಿನಲ್ಲೇ ಇದ್ದವು. ಹಾಗಾಗಿ ನಾನು ಕಾಯಬಲ್ಲೆ. ಕಾರ್ಟ್ ಖಾಲಿ ಮಾಡಿದೆ.

ಅಪ್ಪ ಆ ಶನಿವಾರ ಸಂಜೆ ಗೆಳೆಯನ ಯಂತ್ರ ಹಿಡಿದು ಕಿಟಕಿ ಪಕ್ಕ ಕೂತರು. ಮೊದಲು ಅನುಮಾನದಿಂದ ದೂರ ಹಿಡಿದರು, ಆಮೇಲೆ ಹತ್ತಿರ. ತುಟಿ ಅಲುಗಾಡಲು ಶುರುವಾಯ್ತು. ನಲವತ್ತು ನಿಮಿಷ ನಾನು ಮಾತಾಡಿಸಲಿಲ್ಲ. ಕೊನೆಗೆ ಅವರೇ ತಲೆ ಎತ್ತಿ, "ಇದರಾಗ ಕಾದಂಬರಿನೂ ಬರ್ತಾವೇನು?" ಅಂದರು.

"ಕೆಲವು ಬರ್ತಾವ. ಎಲ್ಲ ಇಲ್ಲ."

"ಇದ್ದವರೆ ಹಾಕು. ಇಲ್ಲದ್ದು ನೀನು ಓದಿ ಹೇಳು."

ಅವರ ಕಣ್ಣು ಮುಂದಿನ ಸೇಲ್‌ವರೆಗೆ, ಮುಂದಿನ ಮಾಡೆಲ್‌ವರೆಗೆ ಹೀಗೇ ಇರುತ್ತೆ ಅಂತ ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ. ಸೋಮವಾರವೇ ಆ ತರಹದ್ದೊಂದು ಆರ್ಡರ್ ಮಾಡಿದೆ, ಪೂರ್ತಿ ಬೆಲೆಗೆ. ಈಗ ಭಾನುವಾರ ಬೆಳಿಗ್ಗೆ ಒಂದು ಗಂಟೆ ನನಗೆ ಅದೇ ಕೆಲಸ: ಪುಸ್ತಕ ಹುಡುಕೋದು, ಕೊಳ್ಳೋದು, ತೆರೆದು ಒತ್ತಕ್ಷರ ನೋಡೋದು, ಅಕ್ಷರ ದೊಡ್ಡದು ಮಾಡಿ ಅಪ್ಪನ ಕೈಗೆ ಕೊಡೋದು. ಸಿಗದ ಕಾದಂಬರಿಯನ್ನು ಲೈಬ್ರರಿಯಿಂದ ತಂದು, ರಾತ್ರಿ ಊಟ ಆದ ಮೇಲೆ ನಾನೇ ಓದಿ ಹೇಳ್ತೀನಿ. ಇಪ್ಪತ್ತೊಂದನೇ ಪುಟದಲ್ಲಿದ್ದೀವಿ.