ಅಣ್ಣನ ಕಾರಿನ ರೇಡಿಯೋ

ನಮ್ಮ ಮನೆಯ 1957ರ ಮಾರಿಸ್ ಮೈನರ್ ಕಾರಿನಲ್ಲಿ ಒಂದು ವಾಲ್ವ್ ರೇಡಿಯೋ ಇತ್ತು. ಅದನ್ನು ಮುಟ್ಟುವ ಹಕ್ಕು ಅಣ್ಣನೊಬ್ಬರಿಗೇ. ಅಣ್ಣ ಎಂದರೆ ನಮ್ಮ ತಂದೆ. ಹಿಂದಿನ ಸೀಟಿನಿಂದ ನಾವು ಕತ್ತು ಚಾಚಿದರೆ ಸಾಕು, ‘ಬ್ಯಾಟರಿ ಇಳಿಯತ್ತೆ ಕಣ್ರೋ’ ಎನ್ನುತ್ತಿದ್ದರು. ನೋಡಿದರೂ ಬ್ಯಾಟರಿ ಇಳಿಯುತ್ತದೆಂದು ನಾನು ಬಹಳ ವರ್ಷ ನಂಬಿದ್ದೆ. ಪ್ರತಿವರ್ಷ ಅಂಚೆ ಕಚೇರಿಗೆ ಹೋಗಿ ರೇಡಿಯೋ ಲೈಸೆನ್ಸಿನ ದುಡ್ಡು ಕಟ್ಟಿ ಬರುತ್ತಿದ್ದರು. ಆ ಪುಸ್ತಕಕ್ಕಿದ್ದ ಜೋಪಾನ ನಮ್ಮ ಅಂಕಪಟ್ಟಿಗಳಿಗಿರಲಿಲ್ಲ. ಮೈಸೂರಿನವರಾದ ಅಣ್ಣನಿಗೆ ರೇಡಿಯೋ ಎಂದರೆ ಸ್ವಂತ ಆಸ್ತಿ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮನೆಯಲ್ಲೇ ಶುರುಮಾಡಿದ ನಿಲಯದ ಹೆಸರನ್ನೇ, ಅಂದರೆ ‘ಆಕಾಶವಾಣಿ’ಯನ್ನೇ, ಆಮೇಲೆ ಇಡೀ ದೇಶ ಇಟ್ಟುಕೊಂಡಿತಲ್ಲ!

ಅಣ್ಣ ಹೋದಮೇಲೆ ಕಾರು ಶೆಡ್ಡು ಸೇರಿತು, ರೇಡಿಯೋ ಅಮ್ಮನ ಹಳೇ ಸೀರೆ ಸುತ್ತಿಕೊಂಡು ಅಟ್ಟ ಸೇರಿತು. ಕೆಲವು ವರ್ಷಗಳ ಹಿಂದೆ ಕಾರಿಗೆ ಜೀವ ಬಂತು. ‘ಅಪ್ಪಾ, ಮುಖ ಹಳೇದೇ ಇರ್ಲಿ, ಒಳಗಡೆ ಬ್ಲೂಟೂತ್ ಹಾಕ್ಸಿಬಿಡಿ’ ಎಂದ ಮಗ. ತಾತನ ಫೋಟೋದ ಚೌಕಟ್ಟಿನಲ್ಲಿ ಬೇರೆ ಯಾರನ್ನೋ ಕೂರಿಸು ಎಂದಂತಾಯಿತು.

ಬೆಂಗಳೂರಿನ ಎಸ್.ಪಿ. ರಸ್ತೆಯ ಸಂದಿಯೊಂದರಲ್ಲಿ ಒಬ್ಬ ಹಿರಿಯ ರಿಪೇರಿಯವರು ಸಿಕ್ಕರು. ಮುಚ್ಚಳ ಬಿಚ್ಚಿದರೆ ಜೇಡರ ಬಲೆ, ಜಿರಳೆ ಮೊಟ್ಟೆ. ಅದರ ನಡುವೆ ಹೆಬ್ಬೆಟ್ಟು ಗಾತ್ರದ ತಗಡಿನ ಡಬ್ಬಿಯೊಂದನ್ನು ಕಿತ್ತು ನನ್ನ ಅಂಗೈಯಲ್ಲಿಟ್ಟರು: ವೈಬ್ರೇಟರ್. ವಾಲ್ವಿಗೆ ಇನ್ನೂರು ವೋಲ್ಟಿನಷ್ಟು ಬೇಕು, ಬ್ಯಾಟರಿಯಲ್ಲಿರುವುದು ಹನ್ನೆರಡು. ಡಬ್ಬಿಯೊಳಗಿನ ತೆಳ್ಳನೆಯ ಪಟ್ಟಿಯೊಂದು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಬಡಿದು ಕರೆಂಟನ್ನು ತುಂಡುತುಂಡು ಮಾಡಿದರೆ ಟ್ರಾನ್ಸ್‌ಫಾರ್ಮರ್ ಅದನ್ನು ಮೇಲೇರಿಸುತ್ತದೆ. ‘ಒಳಗೆ ಜೀರುಂಡೆ ಸಾಕಿದಾರೆ ಸಾರ್, ಅಷ್ಟೇ’ ಎಂದರು. ತುಕ್ಕು ಹಿಡಿದ ಜೀರುಂಡೆಗೆ ನುಣುಪು ಉಪ್ಪುಕಾಗದದ ಉಪಚಾರವಾಯಿತು. ಕಂಡೆನ್ಸರುಗಳ ಹೊಟ್ಟೆ ಬಗೆದು, ಹಳೇ ಕೊಳವೆಯೊಳಗೆ ಹೊಸದನ್ನು ತುರುಕಿ, ಮೋಂಬತ್ತಿ ಕರಗಿಸಿ ಬಾಯಿ ಮುಚ್ಚಿದರು. ಹರಿದ ಸ್ಪೀಕರಿಗೆ ತೆಳು ಕಾಗದ, ಗೋಂದು.

ಕೂರಿಸುವ ಕೆಲಸ ಮಾತ್ರ ನಾನೇ ಮಾಡುತ್ತೇನೆಂದೆ. ಮಾಡಿದೆ. ಹೊಸ ಬ್ಯಾಟರಿಯನ್ನೂ ನಾನೇ ಜೋಡಿಸಿದೆ. ಲೈಟು ಉರಿಯಿತು, ಹಾರನ್ ಕೂಗಿತು. ರೇಡಿಯೋದಿಂದ ಮಾತಿನ ಬದಲು ವಾಸನೆ ಬಂತು. ಮತ್ತೆ ಸಂದಿಗೆ ಹೊತ್ತುಕೊಂಡು ಹೋದೆ. ‘ಈ ಗಾಡೀಲಿ ಪ್ಲಸ್ಸು ಬಾಡಿಗೆ ಸಾರ್’ ಎಂದರು. ಪ್ಲಸ್ಸನ್ನೂ ಬಾಡಿಗೆಗೆ ತರುವ ಕಾಲ ಬಂತೇ ಎಂದು ಬಾಯಿಬಿಟ್ಟೆ. ಅವರು ಹೇಳಿದ್ದು ಕಾರಿನ ಬಾಡಿ. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಪ್ಲಸ್ಸನ್ನೇ ಬಾಡಿಗೆ ಕಟ್ಟುತ್ತಿದ್ದರಂತೆ. ಉಬ್ಬಿದ ದೊಡ್ಡ ಕಂಡೆನ್ಸರಿಗೆ ನಾನು ತೆತ್ತದ್ದು ದಂಡ.

ಎರಡನೆಯ ಸಲ ಗುಬುಟು ತಿರುವಿದ ಕೂಡಲೇ ಜೀರುಂಡೆ ಎದ್ದಿತು. ಅರ್ಧ ನಿಮಿಷ ಅದರದೊಂದೇ ಸದ್ದು. ಬಿಸಿಯಾದ ಧೂಳಿನ ವಾಸನೆ, ಅಣ್ಣನ ಕಾರಿನದೇ ವಾಸನೆ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್, ಮೀಟರಿನ ಲೆಕ್ಕದ ಹಳೇ ಪಟ್ಟಿಯಲ್ಲಿ 490ರ ಹತ್ತಿರ. ಮುಳ್ಳು ಅಲ್ಲಿಗೆ ಬಂದರೂ ಕೇಳಿಸಿದ್ದು ಬರೀ ಗೊರಗೊರ. ಬೀದಿಯ ಎಲ್‌ಇಡಿ ದೀಪ, ಮನೆಮನೆಯ ಚಾರ್ಜರು, ಇನ್ವರ್ಟರು ಎಲ್ಲ ಸೇರಿ ಮೀಡಿಯಂ ವೇವಿನ ಕತ್ತು ಹಿಸುಕುತ್ತಿದ್ದವು.

ಭಾನುವಾರ ಮಾಗಡಿ ರಸ್ತೆ ಹಿಡಿದು ಊರು ದಾಟಿದೆ. ಅಲ್ಲಿ ಇಂಜಿನ್ನಿನದೇ ಕಾಟ. ಪ್ಲಗ್ಗಿನ ಪ್ರತಿ ಕಿಡಿಗೂ ಸ್ಪೀಕರಿನಲ್ಲಿ ಚಟಚಟ. ಆಲದ ಮರದಡಿ ನಿಲ್ಲಿಸಿ ಇಂಜಿನ್ ಆರಿಸಿದೆ. ಥಟ್ಟನೆ ಒಬ್ಬ ಹೆಣ್ಣುಮಗಳು ರಾಗಿಯ ಬಿತ್ತನೆಯ ಬಗ್ಗೆ ನನ್ನ ಪಕ್ಕದಲ್ಲೇ ಕೂತು ಹೇಳಿದಂತೆ ಕೇಳಿಸಿತು.

ಮದ್ದೂರಿನ ಆಚೆ ಮರದಡಿ ಕಾರು ನಿಲ್ಲಿಸಿ, ಕೈಕಟ್ಟಿ ಕೂತು ಅಣ್ಣ ವಾರ್ತೆ ಕೇಳುತ್ತಿದ್ದುದು ನೆನಪಾಯಿತು. ಅದು ವಾರ್ತೆಗೆ ತೋರುವ ಮರ್ಯಾದೆ ಎಂದುಕೊಂಡು ನಾವೂ ಕೈಕಟ್ಟಿ ಕೂರುತ್ತಿದ್ದೆವು. ಪಾಪ, ಗಾಡಿ ಓಡುವಾಗ ಅವರಿಗೆ ಒಂದಕ್ಷರವೂ ಕೇಳಿಸುತ್ತಿರಲಿಲ್ಲ!

ನನಗೆ ಹೊಲವಿಲ್ಲ. ಆದರೂ ರಾಗಿ ಬಿತ್ತಿ, ಕಳೆ ತೆಗೆದು, ಗೊಬ್ಬರ ಹಾಕುವವರೆಗೂ ಕೇಳಿದೆ. ಬೈಕಿನ ಹುಡುಗನೊಬ್ಬ ನಿಲ್ಲಿಸಿದ. ‘ಗಾಡಿ ಕೆಟ್ಟೋಯ್ತಾ ಸಾರ್?’ ತುಟಿಯ ಮೇಲೆ ಬೆರಳಿಟ್ಟೆ. ಅವನೂ ಕಿಟಕಿಯೊಳಗೆ ತಲೆ ತೂರಿಸಿದ. ಕಾರ್ಯಕ್ರಮ ಮುಗಿದ ಮೇಲೆ ಸೆಲ್ಫ್ ಎಳೆದೆ. ಕಟಕ್ ಎಂದು ಸುಮ್ಮನಾಯಿತು.

‘ಬ್ಯಾಟರಿ ಇಳಿದೈತೆ ಸಾರ್’ ಎನ್ನುತ್ತ ಹುಡುಗ ಹಿಂದೆ ಹೋಗಿ ತಳ್ಳತೊಡಗಿದ.