ಹೊದಿಕೆ ಬೇರೆ, ಹೂರಣ ನಮ್ಮದೇ

ಸ್ಯಾಂಡ್‌ವಿಚ್ಚಿಗೆ ಆ ಹೆಸರು ಬಂದುದು 18ನೆಯ ಶತಮಾನದ ಇಂಗ್ಲೆಂಡಿನ ಪ್ರಭು ಜಾನ್ ಮಾಂಟೆಗುವಿನ ಪದವಿಯಿಂದ. ಆದರೆ ತುಮಕೂರಿನ ಮನೆಗಳಲ್ಲಿ ಅದರೊಳಗೆ ಏನಿರಬೇಕೆಂದು ತೀರ್ಮಾನಿಸುವವಳು ಗೃಹಿಣಿಯೇ.

ಶಾಲೆಯ ಡಬ್ಬಿಯಲ್ಲಿ ರಾಗಿರೊಟ್ಟಿ ಕಂಡರೆ ಗೆಳೆಯರು ನಕ್ಕಾರೆಂದು ಮಗು ಅಳುಕುತ್ತದೆ. ಬ್ರೆಡ್ಡು ಜ್ವರ ಬಂದವರ ಪಥ್ಯವೆಂದು ಅಜ್ಜಿ ಮುನಿಯುತ್ತಾಳೆ. ಇಬ್ಬರನ್ನೂ ಒಪ್ಪಿಸುವ ಭಾರ ತಾಯಿಯದು. ಆಕೆಯ ನೆರವಿಗೆ ಬರುವುದು ಹುಚ್ಚೆಳ್ಳು. ಗುಬ್ಬಿ, ಕುಣಿಗಲಿನ ಕಡೆಯ ಹೊಲಗಳಲ್ಲಿ ರಾಗಿಯೊಡನೆ ಅಕ್ಕಡಿಯಾಗಿ ಬೆಳೆಯುವ ಈ ಕರಿಯ ಕಾಳು ರೊಟ್ಟಿಗೆ ಹಳೆಯ ಜೊತೆಗಾರ. ಅದನ್ನು ಸಣ್ಣ ಉರಿಯಲ್ಲಿ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಉಪ್ಪು ಸೇರಿಸಿ ಕುಟ್ಟಬೇಕು; ಸೀದರೆ ಕಹಿ. ಬ್ರೆಡ್ಡಿಗೆ ಧಾರಾಳವಾಗಿ ಬೆಣ್ಣೆ ಸವರಿದ ಬಳಿಕವೇ ಪುಡಿ ಉದುರಿಸಬೇಕು; ಇಲ್ಲವಾದರೆ ಅದು ನಿಲ್ಲುವುದಿಲ್ಲ.

ಕೆಲವರಿಗೆ ಆಲೂಗಡ್ಡೆಯ ಪಲ್ಯವೇ ಪ್ರಿಯ. ಅದರ ನೀರು ಪೂರ್ತಿ ಇಂಗಿರಬೇಕು. ಕಾಯಿಚಟ್ನಿಯನ್ನೂ ಗಟ್ಟಿಯಾಗಿಯೇ ರುಬ್ಬಬೇಕು. ಮಧ್ಯಾಹ್ನದ ಗಂಟೆ ಹೊಡೆಯುವ ವೇಳೆಗೆ ಬ್ರೆಡ್ಡು ಮುದ್ದೆಯಾಗಿದ್ದರೆ ಶ್ರಮವೆಲ್ಲ ವ್ಯರ್ಥ.

ರೊಟ್ಟಿ ಡಬ್ಬಿಯಿಂದ ದೂರವಾದರೂ ಅದರ ಚಟ್ನಿ ಉಳಿದರೆ, ಮಗುವಿನ ನಾಲಗೆಗೆ ಮನೆಯ ರುಚಿ ಮರೆಯುವುದಿಲ್ಲ. ಡಬ್ಬಿ ಖಾಲಿಯಾಗಿ ಹಿಂತಿರುಗಿದ ಸಂಜೆ, ಅಜ್ಜಿಯೂ ಮೆಲ್ಲನೆ ಎರಡು ಹೋಳು ಕೇಳಿದರೆ ಆಶ್ಚರ್ಯವೇನು?