ಮುಟ್ಟು ನಿಂತ ಮೇಲಿನ ಮಾತ್ರೆ

ಕೊಯಮತ್ತೂರು ಜಿಲ್ಲೆಯ ನೆಗಮಂ ಕಡೆಯ ದೇವಾಂಗ ನೇಕಾರರಾದ ನಮಗೆ ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು. ಮುಟ್ಟು ನಿಲ್ಲುವ ಕಾಲದ ಸಂಕಟವನ್ನು ಮಾತ್ರ ನಮ್ಮ ಹೆಂಗಸರು ಎರಡು ಭಾಷೆಯಲ್ಲೂ ಹೇಳಿಕೊಳ್ಳುತ್ತಿರಲಿಲ್ಲ. 1980ರ ದಶಕದಲ್ಲಿ ಅಮ್ಮ ಗುಂಡಿಮಗ್ಗದಲ್ಲಿ ಕೂತಿದ್ದಾಗ ಎದೆಯಿಂದ ಮುಖಕ್ಕೆ ಬಿಸಿ ಏರುತ್ತಿತ್ತು. ಲಾಳಿ ನಿಲ್ಲಿಸಿ, ಬೆವರು ಹಾಸಿನ ಮೇಲೆ ಬೀಳದಂತೆ ಹಿಂದಕ್ಕೆ ವಾಲಿ, ಸೆರಗಿನಲ್ಲಿ ಕತ್ತು ಒರೆಸಿಕೊಳ್ಳುತ್ತಿದ್ದಳು. ಸೀರೆಗೆ ಕಲೆ ಬಿದ್ದರೆ ಕೂಲಿ ಕಡಿತ. ಪಿತ್ತ ಎಂದು ಅಜ್ಜಿ ಜೀರಿಗೆ ನೀರು ಕೊಡುತ್ತಿದ್ದಳು. ಕೆಲವು ವರ್ಷಗಳ ನಂತರ ಬಚ್ಚಲಲ್ಲಿ ಜಾರಿ ಅಮ್ಮನ ಮಣಿಕಟ್ಟು ಮುರಿಯಿತು. ವಯಸ್ಸಾಯಿತಲ್ಲ ಅಂದರು, ಅಷ್ಟೇ.

ಆ ಬಿಸಿಗೂ ಆ ಮುರಿದ ಮೂಳೆಗೂ ನಂಟಿತ್ತು. ಅಂಡಾಶಯ ಈಸ್ಟ್ರೊಜೆನ್ ಎಂಬ ಹಾರ್ಮೋನು ತಯಾರಿಸುವುದನ್ನು ನಿಲ್ಲಿಸಿದಾಗ ಮೈಶಾಖ ಕಾಯುವ ಮಿದುಳಿನ ವ್ಯವಸ್ಥೆ ಏರುಪೇರಾಗುತ್ತದೆ. ಮೊದಲ ಕೆಲವು ವರ್ಷಗಳಲ್ಲೇ ಮೂಳೆ ಬೇಗ ಸವೆಯುತ್ತದೆ. ಅಮೆರಿಕದಲ್ಲಿ ಈ ಮೈಬಿಸಿಗೆ 1942ರಿಂದಲೇ ಈಸ್ಟ್ರೊಜೆನ್ ಮಾತ್ರೆ ಇತ್ತು. ನಮ್ಮ ಬೀದಿಗೆ ಅದು ಬರಲೇ ಇಲ್ಲ.

ಔಷಧಿಗಿಂತ ಮೊದಲು ಬಂದದ್ದು ಅದರ ಭಯ. 2002ರ ಜುಲೈನಲ್ಲಿ ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಅಧ್ಯಯನದಲ್ಲಿ ಎರಡು ಹಾರ್ಮೋನು ಸೇರಿಸಿ ಕೊಡುತ್ತಿದ್ದ ಭಾಗವನ್ನು ನಡುವೆಯೇ ನಿಲ್ಲಿಸಿದರು. ವರ್ಷಕ್ಕೆ 10,000 ಹೆಂಗಸರಲ್ಲಿ ಸ್ತನ ಕ್ಯಾನ್ಸರ್ 8 ಹೆಚ್ಚು, ಸೊಂಟದ ಮೂಳೆ ಮುರಿತ 5 ಕಡಿಮೆ. ಆ ಹೆಂಗಸರ ಸರಾಸರಿ ವಯಸ್ಸು 63 ಎಂಬುದನ್ನು ಯಾರೂ ಎತ್ತಿ ಹೇಳಲಿಲ್ಲ. ಆಮೇಲೆ ನನ್ನ ಚಿಕ್ಕಮ್ಮನ ಮಗಳಿಗೆ ನಲವತ್ತರೊಳಗೇ ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದರು. ಹಾರ್ಮೋನು ಕೇಳಿದರೆ ಕ್ಯಾನ್ಸರ್ ಬರುತ್ತದೆ ಎಂದು ಕಳಿಸಿದರು. ಬೇರೆ ಅಡ್ಡಿಯಿಲ್ಲದಿದ್ದರೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಅವಳಂಥವರಿಗೆ ಅದನ್ನು ಕೊಡಬೇಕು, ಮೂಳೆಗಾಗಿ, ಹೃದಯಕ್ಕಾಗಿ. ಆ ಅನ್ಯಾಯವನ್ನು ನಾನು ಇವತ್ತಿಗೂ ಸಹಿಸಲಾರೆ.

ಅರವತ್ತರೊಳಗೆ, ಅಥವಾ ಮುಟ್ಟು ನಿಂತು ಹತ್ತು ವರ್ಷದೊಳಗೆ ಹಾರ್ಮೋನು ಶುರು ಮಾಡಿದರೆ ಬಹಳ ಜನರಿಗೆ ಅಪಾಯಕ್ಕಿಂತ ಲಾಭವೇ ಹೆಚ್ಚು ಎಂಬುದು ಈಗಿನ ತಿಳಿವಳಿಕೆ. ಮೈಬಿಸಿಗೆ ಇದಕ್ಕಿಂತ ಒಳ್ಳೆಯ ಔಷಧಿಯಿಲ್ಲ. ಆದರೆ ಗರ್ಭಕೋಶ ಇದ್ದವರು ಈಸ್ಟ್ರೊಜೆನ್ ಒಂದನ್ನೇ ತಗೊಂಡರೆ ಗರ್ಭಕೋಶದ ಕ್ಯಾನ್ಸರಿನ ಅಪಾಯ; ಪ್ರೊಜೆಸ್ಟೆರಾನ್ ಎಂಬ ಇನ್ನೊಂದು ಹಾರ್ಮೋನು ಜೊತೆಗಿರಲೇಬೇಕು. ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಸಂಭವವಿದೆ, ಚರ್ಮಕ್ಕೆ ಹಚ್ಚುವ ಜೆಲ್, ಪಟ್ಟಿಗಳಲ್ಲಿ ಅದು ಕಡಿಮೆ. ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಆದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ.

ಈಗ ಪಲ್ಲಡಂ, ಸೋಮನೂರಿನ ಪವರ್‌ಲೂಮುಗಳ ಸದ್ದಿನಲ್ಲಿ ಗುಂಡಿಮಗ್ಗ ಅಪರೂಪ. ಮೊಬೈಲ್ ತೆರೆದರೆ ಐವತ್ತು ದಾಟಿದ ಗಂಡಸರಿಗೆ ಯೌವನ ಮರಳಿಸುತ್ತೇವೆಂಬ ಟೆಸ್ಟೊಸ್ಟೆರಾನ್ ಎಂಬ ಗಂಡು ಹಾರ್ಮೋನಿನ ಜಾಹೀರಾತು. ಬೆಳಗಿನ ಹೊತ್ತು ಎರಡು ಸಲ ರಕ್ತ ಪರೀಕ್ಷಿಸಿ, ಲಕ್ಷಣವೂ ಇದ್ದು, ಕೊರತೆ ಖಚಿತವಾದವರಿಗೆ ಅದು ಔಷಧಿ. ಉಳಿದವರಿಗೆ ಅಲ್ಲ. ಕೊರತೆಯಿದ್ದ 5,000ಕ್ಕೂ ಹೆಚ್ಚು ಗಂಡಸರ ಮೇಲಿನ 2023ರ ಅಧ್ಯಯನದಲ್ಲಿ ಹೃದಯಾಘಾತ ಹೆಚ್ಚಲಿಲ್ಲ, ನಿಜ. ಆದರೆ ಹೃದಯದ ಬಡಿತ ತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚಿತು.

ಅಮ್ಮನಿಗೆ ಬೇಕಿದ್ದದ್ದು ಸಿಗಲಿಲ್ಲ, ಈ ಗಂಡಸರಿಗೆ ಬೇಡದ್ದನ್ನು ಮಾರುತ್ತಿದ್ದಾರೆ. ನಲವತ್ತೈದರೊಳಗೆ ಅಂಡಾಶಯ ತೆಗೆಸಿಕೊಂಡವರು ನಿಮ್ಮ ಮನೆಯಲ್ಲಿದ್ದರೆ, ಶಸ್ತ್ರಚಿಕಿತ್ಸೆಯ ಕಾಗದ ಹಿಡಿದು ಸ್ತ್ರೀರೋಗ ತಜ್ಞರ ಹತ್ತಿರ ಈ ವಾರವೇ ಕರೆದುಕೊಂಡು ಹೋಗಿ.